ತೋಳಿಗೆ ಅಂಟಿಸೋ ಶುಗರ್ ಸೆನ್ಸರ್ ಎಂತ ತೋರಿಸ್ತದೆ, ಅದ್ರಲ್ಲಿ ನಾವು ಎಂತ ನೋಡ್ಬೇಕು

ನಮ್ಮ ಉತ್ತರ ಕನ್ನಡದ ಕಡೆ ಶುಗರ್ ಇದ್ದವ್ರನ್ನ ಮಾತಾಡಿಸಿದ್ರೆ ಬಾಯಲ್ಲಿ ಒಂದು ನಂಬರ್ ರೆಡಿ ಇರ್ತದೆ. "ಫಾಸ್ಟಿಂಗ್ 118 ಬಂದಿದೆ, ಎಂತ ತೊಂದ್ರೆ ಇಲ್ಲ." ಎರಡು ಮೂರು ತಿಂಗಳಿಗೆ ಒಂದ್ಸಲ ಖಾಲಿ ಹೊಟ್ಟೇಲಿ ಬಸ್ ಹತ್ತಿ ಸಿರಸಿ ಪೇಟೆಗೋ ಕಾರವಾರಕ್ಕೋ ಬರೂದು, ಲ್ಯಾಬಲ್ಲಿ ರಕ್ತ ಕೊಡೂದು, ಚೀಟಿ ಹಿಡ್ಕೊಂಡು ಡಾಕ್ಟ್ರ ಹತ್ರ ಹೋಗೂದು, ಅದೇ ಗುಳಿಗೆ ಇನ್ನೊಂದು ಮೂರು ತಿಂಗಳು. ಅಷ್ಟರಲ್ಲೂ ಕೆಲವ್ರು ಟೆಸ್ಟಿನ ಹಿಂದಿನ ರಾತ್ರಿ ಅನ್ನ ಬಿಟ್ಟು ಎರಡು ಚಪಾತಿ ತಿಂದು ಮಲಗಿರ್ತಾರೆ, ಅದು ಬೇರೆ ಮಾತು. ಆ 118 ಸುಳ್ಳಲ್ಲ. ಆದ್ರೆ ಅದು ಆ ಒಂದು ದಿನದ ಬೆಳಿಗ್ಗೆ ಏಳೂವರೆಯ ನಂಬರ್ ಅಷ್ಟೇ. ಅದೇ ಮನುಷ್ಯನ ಶುಗರ್ ಹತ್ತು ಗಂಟೆಗೆ ಎಷ್ಟಿತ್ತು, ಸಂಜೆ ಎಷ್ಟಿತ್ತು, ರಾತ್ರಿ ಎರಡಕ್ಕೆ ಎಷ್ಟಿತ್ತು ಅಂತ ಯಾರಿಗೂ ಗೊತ್ತಿಲ್ಲ. ಕಣ್ಣು, ಕಿಡ್ನಿ, ಕಾಲಿನ ನರ ಹಾಳಾಗೂದು ಬೆಳಿಗ್ಗೆ ಏಳೂವರೆಗೆ ಮಾತ್ರ ಅಲ್ಲ ಅಲ್ವಾ.

ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಅಂತ ಟೆಸ್ಟ್ ಇದೆ, ಅದನ್ನ ಮಾಡಿಸ್ಲೇಬೇಕು, ಅದಕ್ಕೆ ಬದಲಿ ಇಲ್ಲ. ಆದ್ರೆ ಅದೂ ಸರಾಸರಿನೇ. ಎಚ್‌ಬಿಎ1ಸಿ 7 ಅಂದ್ರೆ ಸರಾಸರಿ ಶುಗರ್ ಸುಮಾರು 154. ಒಬ್ಬರದು ದಿನವಿಡೀ 130ರಿಂದ 180ರ ಒಳಗೆ ಓಡಾಡಿಕೊಂಡು 154 ಆಗಿರ್ತದೆ, ಇನ್ನೊಬ್ಬರದು ಊಟ ಆದ್ಮೇಲೆ 280ಕ್ಕೆ ಏರಿ ರಾತ್ರಿ 55ಕ್ಕೆ ಬಿದ್ದು ಅದೇ 154 ಆಗಿರ್ತದೆ. ಕಾಗದದ ಮೇಲೆ ಇಬ್ರೂ ಒಂದೇ. ಎರಡನೆಯವ್ರು ಯಾವತ್ತೋ ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬೀಳ್ತಾರೆ. ಇನ್ನೊಂದು ವಿಷಯ, ರಕ್ತ ಕಮ್ಮಿ ಇದ್ದವ್ರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸ್ತದೆ. ಕಬ್ಬಿಣಾಂಶದ ಕೊರತೆ ಇದ್ರೆ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಮಾಮೂಲು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಈ ಕಾಣದ ಹೊತ್ತನ್ನ ಕಾಣಿಸೋಕೆ ಬಂದಿರೋದೇ ಸಿಜಿಎಂ, ಅಂದ್ರೆ ಗ್ಲೂಕೋಸನ್ನ ಬಿಡದೇ ಅಳೀತಾ ಇರೋ ಸೆನ್ಸರ್. ಅಮೆರಿಕದಲ್ಲಿ ಮೊದಲನೇದಕ್ಕೆ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ನಮ್ಮಲ್ಲಿ ಜನ ಜಾಸ್ತಿ ಹೆಸರು ಕೇಳಿರೋದು ಅಬಾಟ್ ಕಂಪನಿಯ ಫ್ರೀಸ್ಟೈಲ್ ಲಿಬ್ರೆ. ಹಳೇ ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಬಿಳಿ ಬಿಲ್ಲೆ, ತೋಳಿನ ಹಿಂಭಾಗಕ್ಕೆ ಅಂಟಿಸೂದು, ಹದಿನಾಲ್ಕು ದಿನ ಇರ್ತದೆ. ಅಂಟಿಸುವಾಗ ಒಂದು ಸೂಜಿ ಒಳಗೆ ಹೋಗಿ ವಾಪಸ್ ಬರ್ತದೆ, ಚರ್ಮದ ಒಳಗೆ ಉಳಿಯೂದು ಐದು ಮಿಲಿಮೀಟರ್‌ನಷ್ಟು ಉದ್ದದ, ಕೂದಲಿನಷ್ಟು ತೆಳ್ಳಗಿನ, ಬಾಗೋ ಎಳೆ. ಸೂಜಿಯೇ ಒಳಗೆ ಇರ್ತದೆ ಅಂತ ಹೆದರ್ಕೊಂಡು ಬೇಡ ಅನ್ನೋರು ಬಹಳ ಜನ, ಹಾಗಿಲ್ಲ. ಆ ಎಳೆ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಅನ್ನೋ ಕಿಣ್ವ ಇರ್ತದೆ, ಗ್ಲೂಕೋಸ್ ಅದಕ್ಕೆ ತಾಗಿದಾಗ ತೀರಾ ಸಣ್ಣ ವಿದ್ಯುತ್ ಹುಟ್ತದೆ, ಗ್ಲೂಕೋಸ್ ಜಾಸ್ತಿ ಇದ್ದಷ್ಟೂ ವಿದ್ಯುತ್ ಜಾಸ್ತಿ, ಅದನ್ನ ಲೆಕ್ಕ ಹಾಕಿ ನಂಬರ್ ಮಾಡಿ ಫೋನಿಗೆ ಕೊಡ್ತದೆ. ಕೆಲವು ಮಾದರಿಗೆ ಫೋನ್ ತಾಗಿಸಿ ಓದ್ಬೇಕು, ಕೆಲವು ಬ್ಲೂಟೂತಲ್ಲಿ ತಾವೇ ಕಳಿಸ್ತಾ ಇರ್ತವೆ, ಶುಗರ್ ಇಳಿದ್ರೆ ಅಲಾರಂ ಹೊಡೀತವೆ.

ಇಲ್ಲಿ ಒಂದು ಮುಖ್ಯ ವಿಷಯ ಅರ್ಥ ಮಾಡ್ಕೊಳ್ಬೇಕು. ಈ ಎಳೆ ರಕ್ತನಾಳದ ಒಳಗೆ ಇಲ್ಲ. ಜೀವಕೋಶಗಳ ಮಧ್ಯೆ ಇರೋ ನೀರಲ್ಲಿ ಇದೆ. ಊಟ ಮಾಡಿದ ಗ್ಲೂಕೋಸ್ ಮೊದಲು ರಕ್ತಕ್ಕೆ ಬರ್ತದೆ, ಅಲ್ಲಿಂದ ಆಮೇಲೆ ಆ ನೀರಿಗೆ. ಘಟ್ಟದ ಮೇಲೆ ಸಿರಸಿ ಬದಿ ಜೋರು ಮಳೆ ಹೊಡೆದ್ರೆ ಕೆಳಗೆ ಕುಮಟಾ ಹತ್ರ ಅಘನಾಶಿನಿ ಏರೋಕೆ ಸ್ವಲ್ಪ ಹೊತ್ತು ಬೇಕಲ್ಲ, ಹಾಗೇ ಇಲ್ಲೂ ಐದರಿಂದ ಹದಿನೈದು ನಿಮಿಷ ಹಿಂದೆ ಇರ್ತದೆ. ಶುಗರ್ ಒಂದೇ ಸಮ ಇದ್ದಾಗ ಸೆನ್ಸರ್ರೂ ಬೆರಳು ಚುಚ್ಚಿದ ರೀಡಿಂಗೂ ಹೆಚ್ಚುಕಮ್ಮಿ ಹೊಂದ್ತವೆ, ಏರುವಾಗ ಇಳಿಯುವಾಗ ಹೊಂದೂದಿಲ್ಲ. "ಮೀಟರಲ್ಲಿ 142, ಸೆನ್ಸರಲ್ಲಿ 158, ಇದು ಡುಪ್ಲಿಕೇಟ್ ಮಾಲು" ಅಂತ ಮೆಡಿಕಲ್ ಶಾಪಿಗೆ ವಾಪಸ್ ತಂದುಕೊಡೋರಿದ್ದಾರೆ. ಬೆರಳು ಚುಚ್ಚೋ ಮೀಟರಿಗೇ ಅಂತಾರಾಷ್ಟ್ರೀಯ ಮಾನದಂಡದಲ್ಲಿ 100ರ ಮೇಲಿನ ರೀಡಿಂಗಿಗೆ ಶೇ. 15ರಷ್ಟು ಆಚೀಚೆ ಹೋಗೋಕೆ ಅವಕಾಶ ಇದೆ, ಈಗಿನ ಒಳ್ಳೇ ಸೆನ್ಸರ್‌ಗಳ ಸರಾಸರಿ ವ್ಯತ್ಯಾಸ ಶೇ. 9ರ ಸುತ್ತಮುತ್ತ. 142ಕ್ಕೂ 158ಕ್ಕೂ ಔಷಧಿ ಬದಲಾಗೂದಿಲ್ಲ. ಆದ್ರೆ ಮೈಯಲ್ಲಿ ಬೆವರು, ನಡುಕ ಇದ್ದು ಸೆನ್ಸರ್ 110 ತೋರಿಸಿದ್ರೆ ಮೈಯನ್ನ ನಂಬಿ, ಬೆರಳು ಚುಚ್ಚಿ ನೋಡಿ. ಹಾಕಿದ ಮೊದಲ ದಿನದ ರೀಡಿಂಗನ್ನಂತೂ ಜಾಸ್ತಿ ಮನಸ್ಸಿಗೆ ತಗೋಬೇಡಿ, ಆ ಜಾಗ ಇನ್ನೂ ಸರಿ ಹೊಂದಿರೂದಿಲ್ಲ.

ನಂಬರ್ ಪಕ್ಕ ಒಂದು ಬಾಣ ಇರ್ತದೆ. ನನ್ನ ಕೇಳಿದ್ರೆ ಇನ್ಸುಲಿನ್ ತಗೊಳ್ಳೋರಿಗೆ ನಂಬರಿಗಿಂತ ಆ ಬಾಣನೇ ದೊಡ್ಡದು. 90 ಇದ್ದು ಬಾಣ ಅಡ್ಡ ಇದ್ರೆ ನಿಶ್ಚಿಂತೆ. ಅದೇ 90 ಇದ್ದು ಬಾಣ ನೇರ ಕೆಳಗೆ ಇದ್ರೆ, ಲಿಬ್ರೆಯಲ್ಲಿ ಅದರ ಅರ್ಥ ನಿಮಿಷಕ್ಕೆ 2ಕ್ಕಿಂತ ಜಾಸ್ತಿ ಇಳೀತಾ ಇದೆ ಅಂತ, ಕಾಲು ಗಂಟೇಲಿ 60ಕ್ಕೆ ಬಂದುಬಿಡ್ತದೆ. ಅಷ್ಟರಲ್ಲಿ ನೀವು ಬೈಕ್ ಹತ್ತಿ ದೇವಿಮನೆ ಘಟ್ಟದ ತಿರುವಲ್ಲಿ ಇದ್ರೆ ಎಂತ ಗತಿ. ಬೆರಳು ಚುಚ್ಚಿದಾಗ ಸಿಗೂದು ಬರೀ 90, ಅದು ಏರ್ತಾ ಇತ್ತೋ ಇಳೀತಾ ಇತ್ತೋ ಸ್ಟ್ರಿಪ್ ಹೇಳೂದಿಲ್ಲ.

ಇನ್ನು ಹದಿನಾಲ್ಕು ದಿನ ಮುಗಿದ್ಮೇಲೆ ಬರೋ ರಿಪೋರ್ಟು. ಬಹಳ ಜನ ಇದನ್ನ ತೆಗೆದೂ ನೋಡದೇ ಬರೀ ಫೋನಲ್ಲಿ ಆಗಾಗ ನಂಬರ್ ನೋಡಿ ಗಾಬರಿ ಆಗಿ ಸೆನ್ಸರ್ ಕಿತ್ತು ಎಸೀತಾರೆ, ಅದೇ ಬೇಜಾರಿನ ಸಂಗತಿ, ಕೊಟ್ಟ ದುಡ್ಡಿನ ಬೆಲೆ ಎಲ್ಲ ಇರೋದು ಈ ರಿಪೋರ್ಟಲ್ಲಿ. ಎಲ್ಲಾ ದಿನಗಳನ್ನ ಒಂದರ ಮೇಲೊಂದು ಇಟ್ಟು ಒಂದೇ ದಿನದ ಚಿತ್ರ ಮಾಡಿರ್ತಾರೆ, ಎಜಿಪಿ ಅಂತಾರೆ. ಮಧ್ಯದಲ್ಲಿ ಒಂದು ದಪ್ಪ ಗೆರೆ, ಅದು ನಿಮ್ಮ ಸಾಮಾನ್ಯ ದಿನ. ಅದರ ಸುತ್ತ ಗಾಢ ಬಣ್ಣದ ಪಟ್ಟಿ, ಅರ್ಧದಷ್ಟು ರೀಡಿಂಗ್ ಅದರೊಳಗೇ. ಹೊರಗೆ ತಿಳಿ ಬಣ್ಣದ ಪಟ್ಟಿ, ಅಪರೂಪಕ್ಕೆ ಹೋದ ಕಡೆ. ಪಟ್ಟಿ ಸಪೂರ ಇದ್ದು ಬೆಳಿಗ್ಗೆ ಹತ್ತಕ್ಕೆ ಎತ್ತರಕ್ಕೆ ಹೋಗಿದೆ ಅಂದ್ರೆ ದಿನಾ ಒಂದೇ ಥರ ಆಗ್ತಾ ಇದೆ, ಅದನ್ನ ಸರಿ ಮಾಡೂದು ಸುಲಭ. ಪಟ್ಟಿ ಅಗಲ ಇದೆ ಅಂದ್ರೆ ಒಂದಿನ ಒಂದು ಥರ, ಊಟದ ಹೊತ್ತೋ ಗುಳಿಗೆಯ ಹೊತ್ತೋ ಇನ್ಸುಲಿನ್ ಚುಚ್ಚೋ ರೀತಿಯೋ ಎಲ್ಲೋ ತಪ್ತಾ ಇದೆ.

ಅದರ ಜೊತೆ ಒಂದು ಕಂಬ ಇರ್ತದೆ, ಟೈಮ್ ಇನ್ ರೇಂಜ್. 2019ರಲ್ಲಿ ಬೇರೆ ಬೇರೆ ದೇಶದ ತಜ್ಞರು ಕೂತು ಒಪ್ಪಿಕೊಂಡ ಲೆಕ್ಕ ಇದು: ಶುಗರ್ 70ರಿಂದ 180ರ ಒಳಗೆ ದಿನದ ಶೇ. 70ಕ್ಕಿಂತ ಜಾಸ್ತಿ ಹೊತ್ತು ಇರ್ಬೇಕು, 70ರ ಕೆಳಗೆ ಶೇ. 4ಕ್ಕಿಂತ ಕಮ್ಮಿ, 54ರ ಕೆಳಗೆ ಶೇ. 1ಕ್ಕಿಂತ ಕಮ್ಮಿ. ಶೇ. 70 ಅಂದ್ರೆ ದಿನಕ್ಕೆ ಸುಮಾರು ಹದಿನೇಳು ತಾಸು. ಉಳಿದ ಏಳು ತಾಸಲ್ಲಿ ಒಂದಿಷ್ಟು ಮೇಲೆ ಹೋದ್ರೆ ಪ್ರಳಯ ಏನಲ್ಲ. ವಯಸ್ಸಾದವ್ರಿಗೆ, ಕಿಡ್ನಿ ಹೃದಯ ದುರ್ಬಲ ಇದ್ದವ್ರಿಗೆ ಗುರಿ ಇನ್ನೂ ಸಡಿಲ, ಶೇ. 50ಕ್ಕಿಂತ ಮೇಲಿದ್ರೆ ಸಾಕು, ಆದ್ರೆ 70ರ ಕೆಳಗೆ ಶೇ. 1ಕ್ಕಿಂತ ಜಾಸ್ತಿ ಇರಬಾರ್ದು. ಬಸುರಿಯರ ಲೆಕ್ಕನೇ ಬೇರೆ, ಅವ್ರಿಗೆ 63ರಿಂದ 140. ಎಂಬತ್ತು ವರ್ಷದ ಅಜ್ಜಿಗೆ ಮೊಮ್ಮಗಳ ಗುರಿ ಹಿಡಿದು ಊಟ ಕಟ್ಟೂದು ಅನ್ಯಾಯ.

ರಿಪೋರ್ಟ್ ಓದುವಾಗ ಮೊದಲು ಕೆಳಗೆ ಬಿದ್ದ ಜಾಗ ನೋಡ್ಬೇಕು, ಆಮೇಲೆ ಏರಿದ ಜಾಗ. ಎಂತಕ್ಕೆ ಅಂದ್ರೆ ಏರಿದ್ದು ವರ್ಷಗಟ್ಟಲೆ ತಿನ್ನತದೆ, ಬಿದ್ದದ್ದು ಆ ರಾತ್ರಿನೇ ತಿನ್ನತದೆ. ಕಾರವಾರದ ಬೈತಖೋಲ ಬಂದರಿಂದ ಬೋಟಿಗೆ ಹೋಗೋ ಒಬ್ರು, ಎರಡು ಹೊತ್ತು ಇನ್ಸುಲಿನ್ ತಗೊಳ್ಳೋರು, ಅವ್ರ ಬೆಳಗಿನ ಶುಗರ್ ಯಾವಾಗ್ಲೂ 190, 200. ಜಾಸ್ತಿ ಇದೆ ಅಂತ ರಾತ್ರಿ ಡೋಸ್ ಏರಿಸ್ತಾ ಹೋದ್ರು, ಆದ್ರೂ ಇಳೀಲಿಲ್ಲ. ಸೆನ್ಸರ್ ಹಾಕಿದ್ಮೇಲೆ ಕಂಡಿದ್ದು: ರಾತ್ರಿ ಎರಡೂವರೆಗೆ 58. ಬೆವರಿ ಎಚ್ಚರ ಆಗ್ತಿತ್ತು, ಹಸಿವು ತಡೀಲಿಕ್ಕೆ ಆಗ್ತಿರ್ಲಿಲ್ಲ, ಹೇಗೂ ಬೋಟಿಗೆ ಹೊರಡೋ ಹೊತ್ತು ಅಂತ ಒಂದು ಪ್ಯಾಕೆಟ್ ಬಿಸ್ಕೀಟು, ಎರಡು ಲೋಟ ಸಕ್ಕರೆ ಚಾ. ಅದೇ ಬೆಳಿಗ್ಗೆ 200 ಆಗ್ತಿತ್ತು. ಅಂದ್ರೆ ಅವ್ರಿಗೆ ಬೇಕಾಗಿದ್ದು ಡೋಸ್ ಏರಿಸೂದಲ್ಲ, ಇಳಿಸೂದು. ಡಾಕ್ಟ್ರು ಗ್ರಾಫ್ ನೋಡಿ ಹಾಗೇ ಮಾಡಿದ್ರು, ಬೆಳಗಿನ ನಂಬರ್ ತಾನೇ ಕೆಳಗೆ ಬಂತು. ಇನ್ನೊಂದು ವಿಷಯ ಅವ್ರಿಂದ್ಲೇ ತಿಳಿದದ್ದು. ಜೂನ್ ಒಂದರಿಂದ ಜುಲೈ ಕೊನೆವರೆಗೆ ಯಾಂತ್ರಿಕ ಬೋಟಿಗೆ ಮೀನುಗಾರಿಕೆ ಬಂದ್ ಅಲ್ವಾ, ಆ ಎರಡು ತಿಂಗಳು ಬಲೆ ಎಳೆಯೋ ಕೆಲಸ ಇಲ್ಲ, ಮೈ ದಣಿಯೂದಿಲ್ಲ, ಅದೇ ಇನ್ಸುಲಿನ್ನು ಆಗ ಸಾಲೂದಿಲ್ಲ, ಮತ್ತೆ ಆಗಸ್ಟಲ್ಲಿ ಬೋಟ್ ಹೊರಟಾಗ ಜಾಸ್ತಿ ಆಗ್ತದೆ. ಮೈ ದಣಿದ ದಿನ ಇನ್ಸುಲಿನ್ ಜೋರಾಗಿ ಕೆಲಸ ಮಾಡ್ತದೆ, ಅದು ಅವತ್ತು ರಾತ್ರಿವರೆಗೂ ಎಳೀತದೆ. ಅಡಿಕೆ ಕೊಯ್ಲಿನ ಸುಗ್ಗಿಯಲ್ಲಿ ತೋಟದಲ್ಲಿ ದುಡಿಯೋರಿಗೂ ಇದೇ ಮಾತು. ಸಂಜೆ ಕುಡಿಯೋ ಅಭ್ಯಾಸ ಇದ್ರೆ ರಾತ್ರಿ ಬೀಳೋ ಅಪಾಯ ಇನ್ನೂ ಜಾಸ್ತಿ.

ಶುಗರ್ ಬಿದ್ದಾಗ ಎಂತ ಮಾಡೂದು ಅಂತ ಇಲ್ಲೇ ಹೇಳಿಬಿಡ್ತೇನೆ. 70ರ ಕೆಳಗೆ ಬಂದ್ರೆ ಹದಿನೈದು ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಅಂದ್ರೆ ಮೂರು ಟೀ ಚಮಚ, ನೀರಲ್ಲಿ ಕದಡಿ ಕುಡೀಬೇಕು, ಹದಿನೈದು ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡ್ಬೇಕು. ಬೆರಳನ್ನೇ ಚುಚ್ಚಿ, ಯಾಕಂದ್ರೆ ಸೆನ್ಸರ್ ಹಿಂದೆ ಇರ್ತದೆ, ರಕ್ತದಲ್ಲಿ ಏರಿದ್ರೂ ಅದು ಇನ್ನೂ 60 ಅಂತಾನೇ ತೋರಿಸ್ತಾ ಇರ್ತದೆ, ಜನ ಹೆದರಿ ಮತ್ತೆ ಮತ್ತೆ ಸಕ್ಕರೆ ತಿಂದು 300ಕ್ಕೆ ಹೋಗ್ತಾರೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರೋ ಗುಳಿಗೆ ತಗೊಳ್ಳೋರು ಒಂದು ವಿಷಯ ಚೆನ್ನಾಗಿ ನೆನಪಿಡಿ, ನಿಮಗೆ ಮನೆ ಸಕ್ಕರೆ ಬೇಗ ಕೆಲಸ ಮಾಡೂದಿಲ್ಲ, ಸಕ್ಕರೆ ಒಡೆಯೋದನ್ನೇ ಆ ಗುಳಿಗೆ ತಡೀತದೆ. ನಿಮಗೆ ಗ್ಲೂಕೋಸ್ ಪೌಡರೇ ಬೇಕು. ಗುಳಿಗೆ ಪಟ್ಟಿಯ ಹಿಂದೆ ಹೆಸರು ಓದಿ ನೋಡಿ, ಗೊತ್ತಾಗ್ದಿದ್ರೆ ಮೆಡಿಕಲ್‌ನವ್ರನ್ನ ಕೇಳಿ, ಇದ್ರೆ ಇವತ್ತೇ ಒಂದು ಪ್ಯಾಕೆಟ್ ತಂದು ಹಾಸಿಗೆ ಹತ್ರ ಇಡಿ. ಪ್ರಜ್ಞೆ ತಪ್ಪಿದವ್ರ ಬಾಯಿಗೆ ಮಾತ್ರ ಏನೂ ಹಾಕ್ಬೇಡಿ, ಗಾಡಿ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ಈಗ ಏರೋ ಕಥೆ. ಸಿರಸಿ ಹತ್ರ ಹಳ್ಳೀಲಿರೋ ನಮ್ಮ ಮಾವನ ಫಾಸ್ಟಿಂಗ್ ಯಾವಾಗ್ಲೂ 115, 120. ಎಚ್‌ಬಿಎ1ಸಿ ಮಾತ್ರ 7.8. "ಲ್ಯಾಬ್ ಸರಿ ಇಲ್ಲೆ" ಅಂತ ಅವರ ವಾದ. ಸೆನ್ಸರ್ ಹಾಕಿದ್ಮೇಲೆ ಲ್ಯಾಬ್ ಸರಿ ಇದೆ ಅಂತ ಗೊತ್ತಾಯ್ತು. ಬೆಳಿಗ್ಗೆ ಎಂಟೂವರೆಗೆ ತೆಳ್ಳೇವು, ಅಂದ್ರೆ ನಮ್ಮ ತೆಳ್ಳಗಿನ ಅಕ್ಕಿ ದೋಸೆ, ಜೊತೆಗೆ ನೀರಾದ ಜೋನಿಬೆಲ್ಲ, ಮೇಲಿಂದ ಬೆಲ್ಲ ಹಾಕಿದ ಕಷಾಯ. ಹತ್ತು ಗಂಟೆಗೆ 260. ಮಧ್ಯಾಹ್ನದ ಊಟದ ಹೊತ್ತಿಗೆ 150ಕ್ಕೆ ಇಳಿಯೂದು, ಊಟ ಆಗಿ ಮತ್ತೆ 230, ಅದು ಇಳಿಯೋಕ್ಕೆ ಮೊದಲೇ ನಾಲ್ಕೂವರೆಗೆ ಚಾ ಜೊತೆ ಅವಲಕ್ಕಿ. ರಾತ್ರಿ ನಿಧಾನಕ್ಕೆ ಇಳಿದು ಬೆಳಿಗ್ಗೆ ಏಳಕ್ಕೆ ಸರಿಯಾಗಿ 118. ಅವ್ರ ದಿನದಲ್ಲಿ ಎಲ್ಲಕ್ಕಿಂತ ಚಂದದ ಹೊತ್ತಲ್ಲೇ ಇಷ್ಟು ವರ್ಷ ರಕ್ತ ಕೊಡ್ತಾ ಬಂದಿದ್ರು. ತಿಂಡಿ ಬಿಡಿ ಅಂತ ಯಾರೂ ಹೇಳ್ಲಿಲ್ಲ. ಬೆಲ್ಲ ತೆಗೆದು, ತೆಳ್ಳೇವು ಎರಡು ಕಮ್ಮಿ ಮಾಡಿ ಮೊಳಕೆ ಹೆಸರುಕಾಳಿನ ಪಲ್ಯ ಸೇರಿಸಿ, ಬೆಳಿಗ್ಗೆ ತಿಂಡಿಗೆ ಮೊದಲು ತೋಟಕ್ಕೆ ಹೋಗ್ತಿದ್ದದ್ದನ್ನ ತಿಂಡಿ ಆದ್ಮೇಲೆ ಮಾಡಿದ್ರು. ಹತ್ತು ಗಂಟೆ ಶುಗರ್ 190ಕ್ಕೆ ಬಂತು. ಉಳಿದಿದ್ದಕ್ಕೆ ಡಾಕ್ಟ್ರು ಗುಳಿಗೆಯ ಹೊತ್ತು ಬದಲಿಸಿದ್ರು. ಹತ್ತು ವರ್ಷದಿಂದ "ಬೆಲ್ಲ ಬೇಡ ಮಾರಾಯ್ರೇ" ಅಂತ ಅತ್ತೆ ಹೇಳಿದ್ದು ಕೇಳದವ್ರು ಫೋನಲ್ಲಿ ಗೆರೆ ಏರಿದ್ದು ಕಣ್ಣಾರೆ ನೋಡಿ ತಾವೇ ಡಬ್ಬಿ ದೂರ ಇಟ್ರು.

ಯಾವ ಊಟ ಎಷ್ಟು ಏರಿಸ್ತದೆ ಅನ್ನೋದು ಅವರವ್ರ ಮೈ ಮೇಲೆ. ಕುಚ್ಚಲಕ್ಕಿ ಅನ್ನ ಬಿಳಿ ಅನ್ನಕ್ಕಿಂತ ಒಳ್ಳೇದು ಅಂತ ಎರಡು ಪಟ್ಟು ಉಂಡ್ರೆ ಲಾಭ ಇಲ್ಲ. ಗಂಜಿ ಬೆಂದು ಕರಗಿರ್ತದೆ, ಕೆಲವ್ರಿಗೆ ಅನ್ನಕ್ಕಿಂತ ಬೇಗ ಏರಿಸ್ತದೆ, ಜ್ವರ ಬಂದಾಗ ಗಂಜಿ ಕುಡಿದು ಶುಗರ್ ಎಂತಕ್ಕೆ ಏರಿತು ಅಂತ ಯೋಚಿಸೋರಿಗೆ ಅರ್ಧ ಉತ್ತರ ಇದು, ಉಳಿದ ಅರ್ಧ ಜ್ವರವೇ. ಬಂಗಡೆ ಸಾರು ಏರಿಸೂದಿಲ್ಲ, ಅದ್ರ ಜೊತೆ ಉಂಡ ಅನ್ನ ಏರಿಸ್ತದೆ. ಪಲ್ಯ, ಮೀನು, ಕಾಳು ಮೊದಲು ತಿಂದು ಅನ್ನ ಕೊನೆಗೆ ಉಂಡ್ರೆ ಬಹಳ ಜನರಲ್ಲಿ ಏರಿಕೆ ಕಮ್ಮಿ ಆಗ್ತದೆ, ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷ ನಡೆದ್ರೂ ಅಷ್ಟೇ. ಹಲಸಿನಹಣ್ಣು, ಅಂಕೋಲೆಯ ಕರಿ ಇಶಾಡ ಮಾವಿನಹಣ್ಣು ತಿನ್ಲೇಬಾರ್ದಾ ಅಂತ ಪ್ರತಿ ಬೇಸಿಗೇಲಿ ಕೇಳ್ತಾರೆ. ಸೆನ್ಸರ್ ಇದ್ದಾಗ ಎರಡು ಹೋಳು ತಿಂದು ಎರಡು ತಾಸು ನೋಡಿ, ನಿಮ್ಮ ಉತ್ತರ ಅಲ್ಲೇ ಸಿಗ್ತದೆ. ಊಟ ಬಿಟ್ಟು ಮಲಗಿದ್ರೂ ಬೆಳಗಿನ ಜಾವ ಏರೂದು ನೋಡಿ ಕೆಲವ್ರು ಅಳ್ತಾರೆ, ಅದು ನಿಮ್ಮ ತಪ್ಪಲ್ಲ, ಎಚ್ಚರಾಗೋ ಹೊತ್ತಿಗೆ ಹಾರ್ಮೋನುಗಳು ಲಿವರ್‌ನಿಂದ ಗ್ಲೂಕೋಸ್ ಬಿಡಿಸ್ತವೆ. ಉಬ್ಬಸಕ್ಕೋ ಮೈಕೈ ನೋವಿಗೋ ಸ್ಟಿರಾಯ್ಡ್ ಗುಳಿಗೆ ಬೆಳಿಗ್ಗೆ ತಗೊಂಡ್ರೆ ಮಧ್ಯಾಹ್ನದಿಂದ ಸಂಜೆವರೆಗೆ ಗೆರೆ ಮೇಲೇ ಇರ್ತದೆ, ಫಾಸ್ಟಿಂಗಲ್ಲಿ ಗೊತ್ತೇ ಆಗೂದಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ. ಟೈಪ್ 1, ಅಂದ್ರೆ ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಥರದ ಶುಗರ್ ಇರೋ ಮಕ್ಕಳು, ದಿನಕ್ಕೆ ಹಲವು ಸಲ ಇನ್ಸುಲಿನ್ ತಗೊಳ್ಳೋರು, ಶುಗರ್ ಬಿದ್ದದ್ದು ಮೈಗೆ ಗೊತ್ತಾಗದವ್ರು, ಇವ್ರಿಗೆ ಸಾಧ್ಯ ಆದ್ರೆ ಸದಾ ಇರ್ಬೇಕು, ಅದೂ ಅಲಾರಂ ಇರೋದು. ದಿನಕ್ಕೊಂದೇ ಇನ್ಸುಲಿನ್ ತಗೊಳ್ಳೋ ಟೈಪ್ 2, ಅಂದ್ರೆ ದೊಡ್ಡವ್ರಲ್ಲಿ ಮಾಮೂಲಾಗಿ ಕಾಣೋ ಶುಗರ್ ಇರೋರಿಗೂ ಉಪಯೋಗ ಇದೆ. 2021ರಲ್ಲಿ ಪ್ರಕಟವಾದ ಮೊಬೈಲ್ ಅನ್ನೋ ಅಧ್ಯಯನದಲ್ಲಿ ಅಂಥವ್ರಿಗೆ ಎಂಟು ತಿಂಗಳು ಸೆನ್ಸರ್ ಕೊಟ್ಟು ನೋಡಿದ್ರು, ಎಚ್‌ಬಿಎ1ಸಿ 9.1ರಿಂದ 8.0ಕ್ಕೆ ಬಂತು, ಬರೀ ಮೀಟರ್ ಇದ್ದವ್ರದ್ದು 9.0ರಿಂದ 8.4ಕ್ಕೆ. ಬರೀ ಗುಳಿಗೆ ಮೇಲೆ ಇರೋರಿಗೆ ವರ್ಷವಿಡೀ ಬೇಕಾಗಿಲ್ಲ, ಗುಳಿಗೆ ಬದಲಿಸುವಾಗ, ನಂಬರ್‌ಗಳು ಒಂದಕ್ಕೊಂದು ಹೊಂದದಾಗ ಒಂದು ಹಾಕಿದ್ರೆ ಸಾಕು. ಒಂದು ಸೆನ್ಸರಿಗೆ ಕೆಲವು ಸಾವಿರ ರೂಪಾಯಿ ಬೀಳ್ತದೆ, ತೋಟದ ಕೂಲಿಗೆ ಹೋಗೋ ಮನೆಯವ್ರಿಗೆ ಅದು ದೊಡ್ಡ ದುಡ್ಡು. ಅಂಥವ್ರಿಗೆ ಕೆಲವು ದಿನ ತಿಂಡಿಗೆ ಮೊದಲು, ಎರಡು ತಾಸು ಬಿಟ್ಟು, ಊಟಕ್ಕೆ ಮೊದಲು, ಮಲಗುವಾಗ ಅಂತ ಬೆರಳು ಚುಚ್ಚಿ ಬರೆದಿಟ್ರೂ ಅರ್ಧ ಚಿತ್ರ ಸಿಗ್ತದೆ, ಅದನ್ನ ಹಗುರ ಮಾಡ್ಬೇಡಿ. ಶುಗರ್ ಇಲ್ಲದವ್ರು ಕುತೂಹಲಕ್ಕೆ ಹಾಕ್ಕೊಂಡು ಊಟ ಆದ್ಮೇಲೆ 150 ಬಂತು ಅಂತ ಹೆದರೂದು ಬೇಡ, ಆರೋಗ್ಯವಂತರಲ್ಲೂ ಒಮ್ಮೊಮ್ಮೆ ಹಾಗೆ ಏರಿ ಇಳೀತದೆ. 2023ರಲ್ಲಿ ಬಂದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಲೆಕ್ಕದಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ, ಅವ್ರಲ್ಲೇ ಬಹಳ ಜನರ ಕೈಗೆ ಸೆನ್ಸರ್ ಎಟುಕ್ತಾ ಇಲ್ಲ.

ನಮ್ಮ ಜಿಲ್ಲೆಗೆ ಇದ್ರಿಂದ ಒಂದು ವಿಶೇಷ ಲಾಭ ಇದೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಶುಗರ್ ತಜ್ಞರು ಅಂದ್ರೆ ನಮ್ಮ ಜನ ಹುಬ್ಬಳ್ಳಿಗೆ, ಮಣಿಪಾಲಕ್ಕೆ, ಮಂಗಳೂರಿಗೆ, ಕಾರವಾರದವ್ರು ಗೋವಾಕ್ಕೆ ಹೋಗೂದು. ಒಂದಿನ ಕೆಲಸ ಬಿಟ್ಟು, ಘಟ್ಟ ಹತ್ತಿ ಇಳಿದು, ಅಲ್ಲಿ ಹತ್ತು ನಿಮಿಷದ ಮಾತು. ಆ ಹತ್ತು ನಿಮಿಷದಲ್ಲಿ ಡಾಕ್ಟ್ರ ಎದುರಿಗೆ ಹದಿನಾಲ್ಕು ದಿನದ ಹಗಲು ರಾತ್ರಿ ಇಟ್ರೆ ಮಾತಿನ ತೂಕನೇ ಬೇರೆ. ರಿಪೋರ್ಟ್ ಫೋನಲ್ಲೇ ಕಳಿಸಬಹುದು, ಎಲ್ಲಾ ಸಲ ಹೋಗೋ ಅಗತ್ಯನೂ ಬೀಳ್ಲಿಕ್ಕಿಲ್ಲ. ಹಳ್ಳೀಲಿ ನೆಟ್‌ವರ್ಕ್ ಇಲ್ಲದಿದ್ರೆ ಅಳೆಯೋದೇನೂ ನಿಲ್ಲೂದಿಲ್ಲ, ಗುಡ್ಡ ಹತ್ತಿಯೋ ಪೇಟೆಗೆ ಬಂದೋ ಸಿಗ್ನಲ್ ಸಿಕ್ಕಾಗ ಕಳಿಸಿದ್ರಾಯ್ತು. ಆದ್ರೆ ಫೋನ್ ತಾಗಿಸಿ ಓದೋ ಲಿಬ್ರೆ ಸೆನ್ಸರ್ ತನ್ನೊಳಗೆ ಎಂಟು ತಾಸಿನ ಲೆಕ್ಕ ಮಾತ್ರ ಇಟ್ಕೊಳ್ತದೆ, ಮಲಗುವಾಗ ಒಂದ್ಸಲ ಎದ್ದ ಕೂಡ್ಲೇ ಒಂದ್ಸಲ ತಾಗಿಸ್ಲೇಬೇಕು, ಇಲ್ಲಾಂದ್ರೆ ರಾತ್ರಿ ಅಷ್ಟೂ ಖಾಲಿ. ಹದಿನಾಲ್ಕು ದಿನದಲ್ಲಿ ಶೇ. 70ರಷ್ಟಾದ್ರೂ ಹೊತ್ತಿನ ರೀಡಿಂಗ್ ಇದ್ರೆ ಮಾತ್ರ ರಿಪೋರ್ಟ್ ನಂಬೋ ಹಾಗಿರ್ತದೆ.

ಮಳೆಗಾಲದಲ್ಲಿ, ಕರಾವಳಿ ಸೆಕೆಯಲ್ಲಿ ಅಂಟು ಬಿಡ್ತದೆ. ಹಾಕೋ ಜಾಗ ಸೋಪಲ್ಲಿ ತೊಳೆದು ಪೂರ್ತಿ ಒಣಗಿಸಿ, ಎಣ್ಣೆ ಹಚ್ಚಿದ ದಿನ ಬೇಡ, ಮೇಲೆ ತೂತು ಬಿಟ್ಟ ಅಂಟುಪಟ್ಟಿ ಹಾಕಿ. ಸ್ನಾನಕ್ಕೆ ತೊಂದ್ರೆ ಇಲ್ಲ, ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆವರೆಗೆ ತಡೀತದೆ. ಸೆನ್ಸರ್ ಇರೋ ತೋಳಿನ ಮೇಲೆ ಮಗ್ಗುಲಾಗಿ ಮಲಗಿದ್ರೆ ಒತ್ತಿ ಸುಳ್ಳೇ 55, 60 ತೋರಿಸ್ತದೆ, ಇನ್ನೊಂದು ಮಗ್ಗುಲಿಗೆ ತಿರುಗಿದ್ರೆ ಸರಿ ಆಗ್ತದೆ. ದಿನಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ವಿಟಮಿನ್ ಸಿ ಗುಳಿಗೆ ತಗೊಂಡ್ರೆ ಲಿಬ್ರೆಯಲ್ಲಿ ನಂಬರ್ ಸುಳ್ಳೇ ಏರಬಹುದು. ಎಮ್‌ಆರ್‌ಐ, ಸಿಟಿ ಸ್ಕ್ಯಾನ್ ಇದ್ರೆ ಕೆಲವು ಮಾದರಿಯನ್ನ ಮೊದಲೇ ತೆಗೀಬೇಕಾಗ್ತದೆ, ನಿಮ್ಮದು ಹೇಗೆ ಅಂತ ಕಂಪನಿಯ ಚೀಟೀಲಿ ನೋಡಿ, ಸ್ಕ್ಯಾನ್ ದಿನ ನೋಡ್ಕೊಂಡು ಹಾಕಿ.

ಹಾಕೋದು ಮಾಮೂಲು ದಿನಗಳಲ್ಲಿ. ಮಾರಿಕಾಂಬಾ ಜಾತ್ರೆಯ ವಾರದಲ್ಲೋ ಮಗಳ ಮದುವೆ ಹೊತ್ತಲ್ಲೋ ಹಾಕಿದ್ರೆ ನಿಮ್ಮ ದಿನ ಕಾಣೂದಿಲ್ಲ. ಹಾಗೇ ಸೆನ್ಸರ್ ಇದೆ ಅಂತ ಆ ಹದಿನಾಲ್ಕು ದಿನ ಮಾತ್ರ ಪಥ್ಯ ಮಾಡ್ಬೇಡಿ, ಮೊದಲ ವಾರ ಯಾವಾಗ್ಲೂ ತಿನ್ನೋದನ್ನೇ ತಿನ್ನಿ, ಎರಡನೇ ವಾರ ಒಂದೊಂದೇ ಬದಲಿಸಿ ನೋಡಿ. ಒಂದೇ ದಿನ ನಾಲ್ಕು ಬದಲಿಸಿದ್ರೆ ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗೂದಿಲ್ಲ. ಇನ್ಸುಲಿನ್, ಗುಳಿಗೆ ಮಾತ್ರ ಗ್ರಾಫ್ ನೋಡಿ ನೀವೇ ಬದಲಿಸೂದು ಬೇಡ, ಶುಗರ್ ಪದೇ ಪದೇ ಬೀಳ್ತಾ ಇದ್ರೆ ಹದಿನಾಲ್ಕು ದಿನ ಕಾಯದೇ ಡಾಕ್ಟ್ರಿಗೆ ಫೋನ್ ಮಾಡಿ. ಒಂದು ನೋಟ್‌ಬುಕ್ಕಲ್ಲಿ ಎಷ್ಟು ಹೊತ್ತಿಗೆ ಎಂತ ತಿಂದ್ರಿ, ಗುಳಿಗೆ ಎಷ್ಟು ಗಂಟೆಗೆ, ತೋಟಕ್ಕೆ ಹೋಗಿದ್ದು, ಜ್ವರ ಬಂದದ್ದು ಬರೀರಿ, ಅದಿಲ್ಲದೆ ಗೆರೆ ಎಂತಕ್ಕೆ ಏರಿತು ಅಂತ ಡಾಕ್ಟ್ರಿಗೂ ಹೇಳಲಿಕ್ಕೆ ಬರೂದಿಲ್ಲ. ಹೋಗುವಾಗ ಆ ನೋಟ್‌ಬುಕ್, ರಿಪೋರ್ಟಿನ ಪ್ರಿಂಟ್, ಈಗ ತಗೊಳ್ತಿರೋ ಎಲ್ಲಾ ಗುಳಿಗೆಯ ಪಟ್ಟಿ, ಬೇರೆ ಡಾಕ್ಟ್ರು ಕೊಟ್ಟದ್ದೂ ಸೇರಿ, ಒಂದು ಚೀಲದಲ್ಲಿ ಹಾಕ್ಕೊಂಡು ಹೋಗಿ. ಅಲ್ಲಿ ಎರಡು ಪ್ರಶ್ನೆ ಬಿಡದೇ ಕೇಳಿ: ಇಲ್ಲಿ ಬಿದ್ದಿದೆಯಲ್ಲ, ಇದಕ್ಕೆ ಯಾವ ಔಷಧಿ ಕಾರಣ? ಇಲ್ಲಿ ಏರಿದೆಯಲ್ಲ, ಇದಕ್ಕೆ ಊಟ ಬದಲಿಸ್ಲಾ, ಗುಳಿಗೆಯ ಹೊತ್ತು ಬದಲಿಸ್ಲಾ?